ಸಾಬೂನು ಅರ್ಧ ಮಾಡಿದರೆ ಸಾಂದ್ರತೆಯೂ ಅರ್ಧ ಅನ್ನುತ್ತಾರೆ, ಹೇಗೆ ತಿದ್ದೋದು?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಮುಂಡರಗಿ ತಾಲೂಕು

ಎಲ್ಲರಿಗೂ ನಮಸ್ಕಾರ. ಕಪ್ಪತಗುಡ್ಡದ ಕಡೆಯ ಒಂದು ಹೈಸ್ಕೂಲಿನಲ್ಲಿ 9ನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಸಾಂದ್ರತೆ ಅಂದರೆ ಏನು ಅಂತ ಕೇಳಿದರೆ ಮಕ್ಕಳು ಒಂದೇ ಉಸಿರಿಗೆ "ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿ" ಅಂತ ಹೇಳುತ್ತಾರೆ. ಮೊನ್ನೆ ಅವರ ಮುಂದೆಯೇ ಒಂದು ಸಾಬೂನನ್ನು ಎರಡು ತುಂಡು ಮಾಡಿ, ಈಗ ಈ ತುಂಡಿನ ಸಾಂದ್ರತೆ ಎಷ್ಟು ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಅರ್ಧ" ಅಂದರು. ತರಗತಿಗೆ ಮೊದಲು ಬರುವ ಹುಡುಗಿಯೂ ಹಾಗೇ ಅಂದಳು. ಅವತ್ತು ನನಗೆ ಮನೆಗೆ ಹೋದರೂ ಸಮಾಧಾನ ಆಗಲಿಲ್ಲ.

ಇನ್ನೊಂದು ತೊಂದರೆ. ಭೌತ ಗುಣ, ರಾಸಾಯನಿಕ ಗುಣ ಅಂತ ಎರಡು ಕಾಲಂ ಮಾಡಿ ಬಾಯಿಪಾಠ ಮಾಡಿದ್ದಾರೆ. ತುಕ್ಕು ರಾಸಾಯನಿಕ, ಕುದಿಯುವುದು ಭೌತಿಕ. ಸುಣ್ಣದ ಹರಳಿಗೆ ನೀರು ಹಾಕಿದರೆ ಏನಾಗುತ್ತದೆ ಅಂತ ಕೇಳಿದರೆ "ಕುದಿಯುತ್ತದೆ ಮೇಡಂ, ಹಂಗಾದ್ರ ಭೌತಿಕ" ಅನ್ನುತ್ತಾರೆ. ಶಾಲೆಯ ತಕ್ಕಡಿಯ ತೂಕದ ಬಟ್ಟುಗಳು ಅರ್ಧ ಕಳೆದುಹೋಗಿವೆ. ಎರಡು ಪಿರಿಯಡ್ ಸಿಗುತ್ತವೆ, ಅಷ್ಟೇ. ಯಾರಾದರೂ ಮಾಡಿ ನೋಡಿದ್ದನ್ನು ಹೇಳಿ.

ಉತ್ತರ 1: ನಿವೃತ್ತ ಶಿಕ್ಷಕ, ಧಾರವಾಡ

ಮೇಡಂ, ಅರ್ಧ ತೊಂದರೆ ಶಬ್ದದ್ದೇ. ಮನೆಯಲ್ಲಿ ಗಾತ್ರ ಅಂದರೆ ದಪ್ಪ. ಪಾಠದಲ್ಲಿ ಗಾತ್ರ ಅಂದರೆ ವಸ್ತು ಹಿಡಿಯುವ ಜಾಗ. ಇದನ್ನು ಬಿಡಿಸಿ ಹೇಳದೆ ಮುಂದೆ ಹೋದರೆ ಮಕ್ಕಳು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಸಾಂದ್ರತೆ ಅನ್ನುವ ಶಬ್ದವನ್ನು ಮಾತ್ರ ಅವರು ಸಮಾಜ ವಿಜ್ಞಾನದಲ್ಲಿ ಆಗಲೇ ಕೇಳಿರುತ್ತಾರೆ, ಜನಸಾಂದ್ರತೆ ಅಂತ. ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ ಗದಗ ಜಿಲ್ಲೆಯಲ್ಲಿ 229 ಜನ, ಧಾರವಾಡ ಜಿಲ್ಲೆಯಲ್ಲಿ 434. ಜಾಗ ನೋಡಿದರೆ ಗದಗವೇ ದೊಡ್ಡದು. ದೊಡ್ಡದಾಗಿರುವುದು ಬೇರೆ, ಒತ್ತಾಗಿರುವುದು ಬೇರೆ ಅಂತ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಈ ಹೋಲಿಕೆಯಲ್ಲೇ ನಿಲ್ಲಬೇಡಿ. ಜಿಲ್ಲೆಯನ್ನು ಎರಡು ತುಂಡು ಮಾಡಿದರೆ ಒಂದು ತುಂಡಿಗೆ ಹುಬ್ಬಳ್ಳಿ ಬರುತ್ತದೆ, ಇನ್ನೊಂದಕ್ಕೆ ಬರೀ ಹೊಲ ಬರಬಹುದು. ಸಾಬೂನು ಹಾಗಲ್ಲ, ಎಲ್ಲಿ ಕೊಯ್ದರೂ ಒಳಗೆ ಒಂದೇ ಥರ.

ಮೊದಲನೇ ಪಿರಿಯಡ್‌ನಲ್ಲಿ ಸೂತ್ರವನ್ನು ಹಲಗೆಯ ಮೇಲೆ ಬರೆಯಲೇ ಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ತನ್ನಿ. ಖಾಲಿ ಗ್ಲಾಸ್ ಇಟ್ಟು ಸೊನ್ನೆ ಮಾಡಿ, ಅಳತೆ ಜಾಡಿಯಿಂದ 20 ಮಿಲಿ ನೀರು ಹಾಕಿ ತೂಕ ಬರೆಸಿ. ಹಾಗೇ 40, 60, 80, 100. ಆಮೇಲೆ ಅಷ್ಟಷ್ಟೇ ಶೇಂಗಾ ಎಣ್ಣೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಮಿಲಿ, ಮೇಲಕ್ಕೆ ಗ್ರಾಂ ಹಿಡಿದು ಚುಕ್ಕೆ ಇಟ್ಟರೆ ಎರಡೂ ಸೊನ್ನೆಯಿಂದ ಹೊರಡುವ ನೆಟ್ಟಗಿನ ಗೆರೆ, ಎಣ್ಣೆಯದು ಸ್ವಲ್ಪ ಕೆಳಗೆ. 100 ಮಿಲಿ ನೀರು 100 ಗ್ರಾಂ ಹತ್ತಿರ, ಎಣ್ಣೆ 91 ಗ್ರಾಂ ಹತ್ತಿರ ಬರುತ್ತದೆ. ಈಗ ಕೇಳಿ, ಸ್ವಲ್ಪ ಎಣ್ಣೆ ಚೆಲ್ಲಿದರೆ ನಾವು ಗೆರೆ ಬಿಟ್ಟು ಆಚೆ ಹೋಗುತ್ತೇವಾ? ಇಲ್ಲ, ಅದೇ ಗೆರೆಯ ಮೇಲೆ ಕೆಳಗೆ ಇಳಿಯುತ್ತೇವೆ. ಅರ್ಧ ಸಾಬೂನೂ ಅಷ್ಟೇ. ಆ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದೇ ಸಾಂದ್ರತೆ. ಎಷ್ಟೋ ವರ್ಷ ಸೂತ್ರ ಮೊದಲು ಹೇಳಿ ಆಮೇಲೆ ಲೆಕ್ಕ ಮಾಡಿಸಿದವನು ನಾನು. ಗ್ರಾಫಿಗೆ ಬಂದ ಮೇಲೆ ಆದ ಬದಲಾವಣೆ ಕಣ್ಣಾರೆ ನೋಡಿದ್ದೇನೆ.

ಉತ್ತರ 2: ಶಿಕ್ಷಕಿ, ಬ್ಯಾಡಗಿ

ನಮ್ಮ ಕಡೆ ಮಕ್ಕಳು ಮೊದಲು ಹೇಳುವ ಉದಾಹರಣೆ ಮೆಣಸಿನಕಾಯಿ ಚೀಲ. ಜೋಳದ ಚೀಲಕ್ಕಿಂತ ದೊಡ್ಡದು, ಆದರೆ ಹಗುರ. ಇದನ್ನು ಹಾಗೇ ಒಪ್ಪಿಕೊಂಡರೆ ಮುಂದೆ ಗೊಂದಲ ಆಗುತ್ತದೆ. ಯಾಕಂದರೆ ಚೀಲದೊಳಗೆ ಗಾಳಿಯೇ ಜಾಸ್ತಿ, ಒತ್ತಿದರೆ ಚೀಲ ಚಿಕ್ಕದಾಗುತ್ತದೆ. ಅದು ಚೀಲದ ಲೆಕ್ಕ, ಮೆಣಸಿನಕಾಯಿಯ ಸಾಂದ್ರತೆ ಅಲ್ಲ ಅಂತ ಹೇಳಲೇಬೇಕು.

ಅದೇ ಮೆಣಸಿನಕಾಯಿ ನಿಮ್ಮ ಎರಡನೇ ಪ್ರಶ್ನೆಗೆ ಚೆನ್ನಾಗಿ ಒದಗುತ್ತದೆ. ಬ್ಯಾಡಗಿ ಕಾಯಿಯ ಕಡುಕೆಂಪು ಬಣ್ಣ ಭೌತ ಗುಣ, ಸುಮ್ನೆ ನೋಡಿದರೆ ಗೊತ್ತಾಗುತ್ತದೆ, ಕಾಯಿಗೆ ಏನೂ ಆಗುವುದಿಲ್ಲ. ಆದರೆ ತುಂಬಾ ದಿನ ಬಿಸಿಲು, ಗಾಳಿಗೆ ಬಿಟ್ಟರೆ ಬಣ್ಣ ಮಾಸುತ್ತದೆ. ಆ ಬಣ್ಣದ ಪದಾರ್ಥ ಬೇರೆ ಏನೋ ಆಗಿಬಿಟ್ಟಿರುತ್ತದೆ, ಮತ್ತೆ ನೆರಳಿಗೆ ತಂದಿಟ್ಟರೆ ವಾಪಸ್ ಬರುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದು ಅದಕ್ಕೇ ಅಲ್ವಾ? ಹಾಗೆ ಮಾಸುವ ಸ್ವಭಾವ ರಾಸಾಯನಿಕ ಗುಣ. ಬಣ್ಣ ಅಂದ ಕೂಡಲೇ ಭೌತಿಕ ಅಂತ ಕಾಲಂಗೆ ಹಾಕುವ ಅಭ್ಯಾಸ ಇಲ್ಲಿ ಬಿಟ್ಟುಹೋಗುತ್ತದೆ.

ಉತ್ತರ 3: ಪತ್ತಾರ (ಅಕ್ಕಸಾಲಿಗ) ಮನೆತನ, ಹುಬ್ಬಳ್ಳಿ

ನಾನು ಶಿಕ್ಷಕ ಅಲ್ಲ, ಆದರೆ ನಮ್ಮ ಕೆಲಸದಲ್ಲಿ ಇವೆರಡೂ ದಿನಾ ಬರುತ್ತವೆ. ಒರೆಗಲ್ಲಿನ ಮೇಲೆ ತಿಕ್ಕಿ ಗೆರೆಯ ಬಣ್ಣ ನೋಡುವುದು ಭೌತ ಗುಣ. ಆ ಗೆರೆಗೆ ನೈಟ್ರಿಕ್ ಆಮ್ಲ ಹಚ್ಚಿದರೆ ಹಿತ್ತಾಳೆ ಕರಗಿ ಹೋಗುತ್ತದೆ, ಚಿನ್ನ ನಿಲ್ಲುತ್ತದೆ. ಇದು ರಾಸಾಯನಿಕ ಗುಣ. ಆಮ್ಲ ಶಾಲೆಗೆ ತರಬೇಡಿ, ಮಾತಲ್ಲಿ ಹೇಳಿದರೆ ಸಾಕು.

ಸಾಂದ್ರತೆಗೆ ಒಂದು ಉಪಾಯ ಇದೆ. ತಕ್ಕಡಿಯ ಮೇಲೆ ನೀರಿನ ಗ್ಲಾಸ್ ಇಟ್ಟು ಸೊನ್ನೆ ಮಾಡಿ. ವಸ್ತುವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೆ ಮಾತ್ರ ತಾಗಬಾರದು. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿ ಅದರ ಗಾತ್ರ. 156 ಗ್ರಾಂನ ಕಬ್ಬಿಣದ ಬೋಲ್ಟಿಗೆ 20 ಹತ್ತಿರ ಬರುತ್ತದೆ, ಭಾಗಿಸಿದರೆ ಮಿಲಿಗೆ 7.8 ಗ್ರಾಂ. ಶುದ್ಧ ಚಿನ್ನ 19.3. ಒಳಗೆ ಅರಗು ತುಂಬಿದ ಒಡವೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಒಡವೆಯನ್ನು ಒರೆಸಿ ಹಾಗೇ ಗಿರಾಕಿಗೆ ವಾಪಸ್ ಕೊಡಬಹುದು, ಆದರೆ ಆಮ್ಲ ಹಾಕಿದ ಹಿತ್ತಾಳೆ ಗೆರೆಯನ್ನು ವಾಪಸ್ ತರಲು ಆಗುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಿ.

ಉತ್ತರ 4: ನಿವೃತ್ತ ಶಿಕ್ಷಕ, ಧಾರವಾಡ

ಸುಣ್ಣದ ಮಾತು ಮರೆತಿದ್ದೆ. ನೀರು ಕುದ್ದರೆ ಆವಿ, ಆವಿ ತಣ್ಣಗಾದರೆ ಮತ್ತೆ ನೀರೇ. ಸುಣ್ಣದ ಹರಳಿಗೆ ನೀರು ಹಾಕಿದಾಗ ಹುಟ್ಟುವ ಬಿಸಿ ಸುಣ್ಣ ಮತ್ತು ನೀರು ಸೇರಿ ಹೊಸ ಪದಾರ್ಥ ಆಗುವುದರಿಂದ ಬರುತ್ತದೆ. ಅರಳಿದ ಸುಣ್ಣವನ್ನು ಒಣಗಿಸಿ ಮರುದಿನ ಮತ್ತೆ ನೀರು ಹಾಕಿ ತೋರಿಸಿ, ಬಿಸಿ ಆಗುವುದಿಲ್ಲ. ನೀವೇ ಮಾಡಿ, ಕಡಲೆಯಷ್ಟು ಹರಳು ಸಾಕು, ಮಕ್ಕಳನ್ನು ದೂರ ನಿಲ್ಲಿಸಿ. ಕಣ್ಣಿಗೆ ಸಿಡಿದರೆ ಬಹಳ ಅಪಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಗ್ರಾಫ್, ಬೋಲ್ಟ್ ಎರಡೂ ಮಾಡಿಸಿದೆ. ಒಂದು ಗುಂಪಿಗೆ 7.6, ಇನ್ನೊಂದಕ್ಕೆ 7.9 ಬಂತು. ಬೋಲ್ಟನ್ನು ತಳಕ್ಕೆ ತಾಗಿಸಿದವರಿಗೆ 3 ಬಂತು, ಯಾಕೆ ಅಂತ ಅವರೇ ಹುಡುಕಿದರು. ಸಾಬೂನಿನ ಪ್ರಶ್ನೆ ಮತ್ತೆ ಕೇಳಿದಾಗ ಆ ಹುಡುಗಿ "ಗೆರೆ ಅದೇ ಮೇಡಂ" ಅಂದಳು.

ಚಿನ್ನದ ಮಾತು ಬಂದಾಗ ಒಬ್ಬ ಹುಡುಗ ಜಾಲಗಾರರ ಬಗ್ಗೆ ಹೇಳಿದ. ನಮ್ಮ ಗುಡ್ಡದ ಹಳ್ಳಗಳಲ್ಲಿ ಹಿಂದೆ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು. ಅಜ್ಜನಿಂದ ಕೇಳಿದ್ದನಂತೆ. ಮರಳು 2.65, ಚಿನ್ನ 19.3, ಅದಕ್ಕೇ ಮರಳು ಹರಿದುಹೋಗಿ ಚಿನ್ನ ಮರಿಗೆಯ (ತೊಳೆಯುವ ಮರದ ಪಾತ್ರೆಯ) ತಳದಲ್ಲಿ ಉಳಿಯುತ್ತದೆ ಅಂತ ಮಕ್ಕಳೇ ಹೇಳಿದರು. ಅಷ್ಟು ವರ್ಷ ನೀರಲ್ಲಿ ಬಿದ್ದಿದ್ದರೂ ಯಾಕೆ ತುಕ್ಕು ಹಿಡಿದಿಲ್ಲ ಅಂತ ನಾನು ಕೇಳಿದೆ. ಅದು ರಾಸಾಯನಿಕ ಗುಣ ಅಂತ ಮೂರು ನಾಲ್ಕು ದನಿ ಒಟ್ಟಿಗೆ ಬಂತು. ಸೋಮವಾರ ಒಬ್ಬ ಮನೆಯಿಂದ ಮರಿಗೆ ತರುತ್ತಾನೆ. ಮರಳಿಗೆ ಸೈಕಲ್ಲಿನ ಸಣ್ಣ ಗುಂಡು ಬೆರೆಸಿ ತೊಳೆದು ನೋಡುತ್ತೇವೆ.