ಅಂತರ್ಯುದ್ಧದ ನಂತರದ ಅಮೆರಿಕ: ಕಾರ್ಖಾನೆಗಳು ಬೆಳೆದವು, ಬಿಡುಗಡೆಯಾದವರಿಗೆ ಏನು ಸಿಕ್ಕಿತು?

ಪ್ರಶ್ನೆ: ಮೇಡಂ ನಮಸ್ಕಾರ. ಯುಪಿಎಸ್‌ಸಿಗೆ ಓದ್ತಾ ಇದ್ದೀನಿ. 1861ರಿಂದ 1865ರವರೆಗೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಯುದ್ಧದಲ್ಲಿ ಅಮೆರಿಕದ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು, ದಕ್ಷಿಣದ ಊರುಗಳು, ರೈಲುಹಳಿಗಳು ಹಾಳಾದವು, ಗುಲಾಮಗಿರಿಯೂ ಹೋಯಿತು. ಆದರೂ ಮೂವತ್ತೇ ವರ್ಷದಲ್ಲಿ ಕೈಗಾರಿಕೆಯಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿದ್ದು ಹೇಗೆ? ಬಿಡುಗಡೆಯಾದ ಗುಲಾಮರೇ ಕಾರ್ಖಾನೆ ಕಾರ್ಮಿಕರಾದರು ಅಂತ ನನ್ನ ನೋಟ್ಸಿನಲ್ಲಿದೆ. ಇದು ಸರಿಯೇ?

ಉತ್ತರ (ಆರ್ಥಿಕ ಇತಿಹಾಸದ ಅಧ್ಯಾಪಕಿ): ಆ ಕೊನೆಯ ಸಾಲನ್ನು ಮೊದಲು ಹೊಡೆದುಹಾಕಿ. ಬಿಡುಗಡೆಯಾದ ಸುಮಾರು 40 ಲಕ್ಷ ಜನರಲ್ಲಿ ಬಹುಪಾಲು ಮಂದಿ ಅದೇ ದಕ್ಷಿಣದಲ್ಲಿ, ಅದೇ ಹತ್ತಿ ಹೊಲಗಳಲ್ಲಿ ಉಳಿದರು. ಪಿಟ್ಸ್‌ಬರ್ಗ್, ಶಿಕಾಗೊ ಕಡೆಯ ಕಾರ್ಖಾನೆಗಳನ್ನು ತುಂಬಿದವರು ಹೆಚ್ಚಾಗಿ ಯುರೋಪಿನಿಂದ ಹಡಗು ಹತ್ತಿ ಬಂದವರು.

ಬೆಳವಣಿಗೆಯ ಬೀಜ ಬಿದ್ದದ್ದು ಯುದ್ಧ ನಡೆಯುತ್ತಿದ್ದಾಗಲೇ. ದಕ್ಷಿಣದ ಪ್ರತಿನಿಧಿಗಳು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಬಿಟ್ಟು ಹೋಗಿದ್ದರಲ್ಲ, ಅವರು ವರ್ಷಗಟ್ಟಲೆ ತಡೆಹಿಡಿದಿದ್ದ ಕಾನೂನುಗಳೆಲ್ಲ ಒಂದರ ಹಿಂದೆ ಒಂದರಂತೆ ಪಾಸಾದವು. ಆಮದು ಸುಂಕ 1861ರಲ್ಲೇ ಏರಿತ್ತು. 1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಬಂದು, ನೆಲೆಸಿ ಉಳುವವರಿಗೆ 160 ಎಕರೆ ಸಿಗುವಂತಾಯಿತು. ಅದೇ ವರ್ಷ ಪಶ್ಚಿಮ ಕರಾವಳಿಯವರೆಗೆ ರೈಲು ಹಾಕಿಸುವ ಪೆಸಿಫಿಕ್ ರೈಲ್ವೆ ಕಾಯ್ದೆ, ಕೃಷಿ ಮತ್ತು ತಾಂತ್ರಿಕ ಕಾಲೇಜುಗಳಿಗೆ ಜಮೀನು ಕೊಡುವ ಮೊರಿಲ್ ಕಾಯ್ದೆ. 1863ರಲ್ಲಿ ರಾಷ್ಟ್ರೀಯ ಬ್ಯಾಂಕಿಂಗ್ ಕಾಯ್ದೆ. ಪರೀಕ್ಷೆಯಲ್ಲಿ ಬರೀ 1865 ಬರೆದು ಬಿಟ್ಟರೆ ಅರ್ಧ ಉತ್ತರ ಹೋದಂತೆ.

ಇದರಲ್ಲಿ ರೈಲಿನದೇ ದೊಡ್ಡ ಪಾಲು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವ, ಪಶ್ಚಿಮದ ಹಳಿಗಳು ಕೂಡಿದವು. ಪಶ್ಚಿಮದ ಕಡೆಯಿಂದ ಬೆಟ್ಟ ಕೊರೆದು ಹಳಿ ಹಾಸಿದವರಲ್ಲಿ ಹೆಚ್ಚಿನವರು ಚೀನೀ ಕಾರ್ಮಿಕರು. 1865ರಲ್ಲಿ ಸುಮಾರು 35 ಸಾವಿರ ಮೈಲಿ ಇದ್ದ ಹಳಿ 1900ರ ಹೊತ್ತಿಗೆ 1 ಲಕ್ಷ 90 ಸಾವಿರ ಮೈಲಿ ದಾಟಿತು. ಅಷ್ಟು ಹಳಿಗೆ ಉಕ್ಕು ಬೇಕಲ್ಲ? ಆಂಡ್ರ್ಯೂ ಕಾರ್ನೆಗಿ 1875ರಲ್ಲಿ ಪಿಟ್ಸ್‌ಬರ್ಗ್ ಹತ್ತಿರ ಶುರುಮಾಡಿದ ಉಕ್ಕಿನ ಕಾರ್ಖಾನೆಗೆ ಎಡ್ಗರ್ ಥಾಮ್ಸನ್ ಹೆಸರಿಟ್ಟ. ಥಾಮ್ಸನ್ ಪೆನ್ಸಿಲ್ವೇನಿಯಾ ರೈಲ್ವೆಯ ಅಧ್ಯಕ್ಷನಾಗಿದ್ದವನು, ಆ ರೈಲ್ವೆಯೇ ಹಳಿಯ ದೊಡ್ಡ ಗಿರಾಕಿ. ಉಕ್ಕು, ರೈಲು ಎಷ್ಟು ಹೊಸೆದುಕೊಂಡಿದ್ದವು ಅನ್ನೋದಕ್ಕೆ ಈ ಹೆಸರೊಂದೇ ಸಾಕು.

ಮರುಪ್ರಶ್ನೆ: ಹಾಗಾದರೆ ಬಿಡುಗಡೆಯಾದವರಿಗೆ ಏನೂ ಸಿಗಲಿಲ್ಲವೇ? ‘ನಲವತ್ತು ಎಕರೆ’ ಅಂತ ಓದಿದ ನೆನಪು.

ಉತ್ತರ: ಸಿಕ್ಕಿತ್ತು, ಕೆಲವೇ ತಿಂಗಳಲ್ಲಿ ಕಿತ್ತುಕೊಂಡರು. ಈ ಭಾಗವನ್ನು ಪಾಠ ಮಾಡುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

1865ರ ಜನವರಿಯಲ್ಲಿ ಉತ್ತರದ ಸೇನಾಪತಿ ಜನರಲ್ ಶರ್ಮನ್ ದಕ್ಷಿಣ ಕರೋಲಿನಾ, ಜಾರ್ಜಿಯಾ, ಫ್ಲಾರಿಡಾ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆವರೆಗೆ ಹಂಚಲು ಆದೇಶ ಹೊರಡಿಸಿದ. ಸುಮಾರು 40 ಸಾವಿರ ಜನ ಅಲ್ಲಿ ನೆಲೆಯೂರಿ ಉಳುಮೆ ಶುರುಮಾಡಿದರು. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಹಳೆಯ ಯಜಮಾನರಿಗೆ ಕ್ಷಮಾದಾನ ಕೊಟ್ಟು ಜಮೀನನ್ನೂ ವಾಪಸ್ ಕೊಡಿಸಿದ. ಈ ಸುದ್ದಿ ಹೇಳಲು ಬಿಡುಗಡೆಯಾದವರ ನೆರವಿಗಿದ್ದ ಸರ್ಕಾರಿ ಇಲಾಖೆ ಫ್ರೀಡ್‌ಮೆನ್ಸ್ ಬ್ಯೂರೋದ ಮುಖ್ಯಸ್ಥ ಜನರಲ್ ಹೋವರ್ಡ್ ಆ ಅಕ್ಟೋಬರ್‌ನಲ್ಲಿ ದಕ್ಷಿಣ ಕರೋಲಿನಾದ ಎಡಿಸ್ಟೊ ದ್ವೀಪದ ಚರ್ಚಿಗೆ ಹೋದ. ಅಲ್ಲಿನ ಜನ ಒಪ್ಪಲಿಲ್ಲ. ನಮ್ಮ ದುಡಿಮೆಯಿಂದಲೇ ಬೆಳೆದ ನೆಲ ಇದು ಎಂದು ಅರ್ಜಿ ಬರೆದರು. ಉಪಯೋಗವಾಗಲಿಲ್ಲ.

ಇತ್ತ ರೈಲ್ವೆ ಕಂಪನಿಗಳಿಗೆ ಒಕ್ಕೂಟ ಸರ್ಕಾರ ಕೊಟ್ಟ ಜಮೀನು 10 ಕೋಟಿ ಎಕರೆಗೂ ಹೆಚ್ಚು. ಹಂಚಲು ಭೂಮಿ ಇರಲಿಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ಜಮೀನಿಲ್ಲದವರು ಪಾಲಿಗೆ ಮಾಡಬೇಕಾಯಿತು. ಬೀಜ, ಹೇಸರಗತ್ತೆ, ಊಟದ ಕಾಳು ಎಲ್ಲವೂ ಅಂಗಡಿಯವನ ಹತ್ತಿರ ಉದ್ರಿ. ಭದ್ರತೆ ಅಂದರೆ ಇನ್ನೂ ಬೆಳೆಯದ ಬೆಳೆ. ಉದ್ರಿ ದರ ನಗದು ದರಕ್ಕಿಂತ ಬಹಳ ಹೆಚ್ಚು, ಅಂಗಡಿಯವನು ಹತ್ತಿಯನ್ನೇ ಬೆಳೆಯಿರಿ ಅನ್ನುತ್ತಿದ್ದ, ಎಲ್ಲರೂ ಹತ್ತಿ ಬೆಳೆದಾಗ ಧಾರಣೆ ಕುಸಿಯುತ್ತಿತ್ತು. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಸಾಲವೇ ಬಾಕಿ. ಬೇರೆ ಕಡೆ ಸಾಲ ತರೋಣವೆಂದರೆ, ರಾಷ್ಟ್ರೀಯ ಬ್ಯಾಂಕ್ ತೆರೆಯಲು ಸಣ್ಣ ಊರಲ್ಲೂ ಕನಿಷ್ಠ 50 ಸಾವಿರ ಡಾಲರ್ ಬಂಡವಾಳ ಬೇಕಿತ್ತು. ಯುದ್ಧದಲ್ಲಿ ಸುಟ್ಟುಹೋದ ಊರುಗಳಿಗೆ ಅದೆಲ್ಲಿಂದ ಬರಬೇಕು?

ಉಳಿತಾಯವನ್ನೂ ಬಿಡಲಿಲ್ಲ. ಬಿಡುಗಡೆಯಾದವರಿಗೆಂದೇ 1865ರಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಶುರುವಾಗಿತ್ತು. ಅದರ ಹಣಕಾಸು ಸಮಿತಿಯ ಮುಖ್ಯಸ್ಥ ಹೆನ್ರಿ ಕುಕ್, ಉತ್ತರ ಪೆಸಿಫಿಕ್ ರೈಲ್ವೆಯ ಸಾಲಪತ್ರ ಮಾರುತ್ತಿದ್ದ ಜೇ ಕುಕ್‌ನ ತಮ್ಮ. 1873ರ ಸೆಪ್ಟೆಂಬರ್‌ನಲ್ಲಿ ಜೇ ಕುಕ್ ಕಂಪನಿ ಮುಳುಗಿ ದೇಶವಿಡೀ ಹಣದ ಬಿಕ್ಕಟ್ಟು ಬಂತು. ಮರುವರ್ಷ ಈ ಬ್ಯಾಂಕಿಗೂ ಬೀಗ. 60 ಸಾವಿರಕ್ಕೂ ಹೆಚ್ಚು ಠೇವಣಿದಾರರು, ಬಟ್ಟೆ ಒಗೆದು, ಹತ್ತಿ ಬಿಡಿಸಿ ಕೂಡಿಟ್ಟ ದುಡ್ಡು.

ಇನ್ನೊಬ್ಬ ಸದಸ್ಯರು: ನಮ್ಮೂರು ಗದಗ ಕಡೆ. ಆ ಯುದ್ಧದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಅಂತ ಹಿರಿಯರು ಹೇಳೂದು ಖರೇ ಏನ್ರಿ?

ಉತ್ತರ: ಖರೇ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಮ್ಯಾಂಚೆಸ್ಟರ್ ಗಿರಣಿಗಳು ಹತ್ತಿಗಾಗಿ ಮುಂಬಯಿ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಊರಿಕೊಂಡಿತ್ತು, ಅದನ್ನು ‘ಧಾರವಾಡ ಅಮೆರಿಕನ್’ ಅನ್ನುತ್ತಿದ್ದರು. ಆಗ ರೈಲು ಇರಲಿಲ್ಲ. ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಕಾರವಾರ ಬಂದರಿನ ಮೂಲಕ ಈ ಹತ್ತಿ ಸಾಗಿಸುವ ಒತ್ತಡವಿತ್ತು. 1865ರಲ್ಲಿ ಯುದ್ಧ ನಿಂತಿತು, ಧಾರಣೆ ದಡಕ್ಕನೆ ಬಿತ್ತು.

ಮರುಪ್ರಶ್ನೆ: ಕೊನೆಯದು ಮೇಡಂ. ದಕ್ಷಿಣದಲ್ಲಿ ಕೈಗಾರಿಕೆ ಬೆಳೆಯಲೇ ಇಲ್ಲವೇ?

ಉತ್ತರ: ಬೆಳೆಯಿತು. 1886ರಲ್ಲಿ ಅಲ್ಲಿನ 11 ಸಾವಿರ ಮೈಲಿಗೂ ಹೆಚ್ಚು ಹಳಿಯನ್ನು ಐದಡಿ ಗೇಜಿನಿಂದ (ಎರಡು ಹಳಿಗಳ ನಡುವಿನ ಅಂತರ) ಉತ್ತರದ ಹಳಿಗೆ ಹೊಂದುವಂತೆ ಎರಡೇ ದಿನದಲ್ಲಿ ಬದಲಿಸಿದರು. ಕರೋಲಿನಾಗಳಲ್ಲಿ ಬಟ್ಟೆ ಗಿರಣಿಗಳೆದ್ದವು, ಆದರೆ ನೂಲುವ, ನೇಯುವ ಕೆಲಸ ಬಿಳಿಯ ಕುಟುಂಬಗಳಿಗಷ್ಟೇ. ಅಲಬಾಮಾದಲ್ಲಿ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಹತ್ತಿರ ಹತ್ತಿರ ಸಿಗುವ ಜಾಗದಲ್ಲಿ 1871ರಲ್ಲಿ ಬರ್ಮಿಂಗ್‌ಹ್ಯಾಮ್ ನಗರ ಹುಟ್ಟಿತು. ಅಲ್ಲಿ ಕರಿಯರಿಗೆ ಕೆಲಸವಿತ್ತು, ಎಂಥ ಕೆಲಸ ಎಂದು ನೋಡಿ. ಗುಲಾಮಗಿರಿ ಅಳಿಸಿದ 13ನೇ ತಿದ್ದುಪಡಿಯಲ್ಲಿ ‘ಅಪರಾಧಕ್ಕೆ ಶಿಕ್ಷೆಯಾಗಿ ಹೊರತು’ ಎಂಬ ವಿನಾಯಿತಿ ಇದೆ. ಕೆಲಸವಿಲ್ಲದೆ ಅಲೆದಾಡಿದರೆಂಬ ಆರೋಪಕ್ಕೂ ಹಿಡಿದು, ದಂಡ ಹಾಕಿ, ಕಟ್ಟಲಾಗದವರನ್ನು ಗಣಿ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. ಸರ್ಕಾರಕ್ಕೆ ಆದಾಯ, ಕಂಪನಿಗೆ ಅಗ್ಗದ ಆಳು. 1877ರಲ್ಲಿ ದಕ್ಷಿಣದಲ್ಲಿದ್ದ ಒಕ್ಕೂಟ ಸರ್ಕಾರದ ಸೈನ್ಯ ಹಿಂದೆ ಸರಿದ ಮೇಲೆ ಕೇಳುವವರೂ ಇರಲಿಲ್ಲ. ಅಲಬಾಮಾ ಇದನ್ನು ನಿಲ್ಲಿಸಿದ್ದು 1928ರಲ್ಲಿ.

ಉತ್ತರದ ಕಾರ್ಖಾನೆಗಳ ಬಾಗಿಲು ಅವರಿಗೆ ದೊಡ್ಡ ಸಂಖ್ಯೆಯಲ್ಲಿ ತೆರೆದದ್ದು ಮೊದಲ ಮಹಾಯುದ್ಧದಲ್ಲಿ, ಯುರೋಪಿನಿಂದ ಜನ ಬರುವುದು ನಿಂತಾಗ. 1910ರಲ್ಲೂ ಹತ್ತರಲ್ಲಿ ಸುಮಾರು ಒಂಬತ್ತು ಕಪ್ಪು ಅಮೆರಿಕನ್ನರು ದಕ್ಷಿಣದಲ್ಲೇ ಇದ್ದರು. ಉತ್ತರ ಬರೆಯುವಾಗ ಈ ಎರಡು ಇಸವಿಗಳನ್ನು, 1910 ಮತ್ತು 1928, ಬಿಡಬೇಡಿ.