‘ಸಮಸಂಭವ’: ಆದದ್ದೋ, ಆಗಬಹುದಾದದ್ದೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ನಾನು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸುವವಳು. ಸಂಭವನೀಯತೆಯ ಪಾಠದಲ್ಲಿ ‘ಸಮಸಂಭವ ಫಲಿತಗಳು’ (ಬರಲು ಒಂದಕ್ಕೊಂದು ಸರಿಸಮ ಅವಕಾಶವಿರುವ ಫಲಿತಗಳು) ಎಂದು ಹಲಗೆಯ ಮೇಲೆ ಬರೆದು, ನಾಣ್ಯವನ್ನು 20 ಸಲ ಚಿಮ್ಮಲು ಹೇಳಿದೆ. ಒಬ್ಬ ಹುಡುಗಿಗೆ ಶಿರ 12 ಸಲ ಬಂತು, ಪುಚ್ಛ 8 ಸಲ. “ಎರಡೂ ಸಮವಾಗಿ ಸಂಭವಿಸಲಿಲ್ಲ ಟೀಚರ್, ಹಾಗಾದರೆ ಇವು ಸಮಸಂಭವ ಅಲ್ಲ” ಎಂದಳು.

ಅವಳ ಗಣಿತ ಎಡವಿತ್ತು, ಕನ್ನಡ ಎಡವಿರಲಿಲ್ಲ. ‘ಅಪಘಾತ ಸಂಭವಿಸಿತು’ ಎಂದರೆ ಆಗಿಹೋಯಿತು. ‘ಮಳೆಯಾಗುವ ಸಂಭವವಿದೆ’ ಎಂದರೆ ಇನ್ನೂ ಆಗಿಲ್ಲ. ಒಂದೇ ಧಾತು ಎರಡು ಕಡೆಗೂ ಮುಖ ಮಾಡಿ ನಿಂತಿದೆ. ಪಾಠದ ತಿರುಳೇ ಈ ಎರಡರ ನಡುವಿನ ಅಂತರವಾಗಿರುವಾಗ ಇಂಥ ಪದವನ್ನು ಮಕ್ಕಳ ಕೈಗೆ ಕೊಡುವುದು ನನಗೆ ಸರಿಕಾಣುತ್ತಿಲ್ಲ. ದೋಷವಿಲ್ಲದ ನಾಣ್ಯವನ್ನು 20 ಸಲ ಚಿಮ್ಮಿದರೂ, ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ 12–8ರಷ್ಟೋ ಅದಕ್ಕೂ ಹೆಚ್ಚೋ ಏರುಪೇರು ಬಂದೇ ಬರುತ್ತದೆ.

ಹಾಗೆಂದು ಎಣಿಕೆ ವ್ಯರ್ಥವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜ್ಯೂರಿಕ್‌ನ ಖಗೋಳ ವಿಜ್ಞಾನಿ ರುಡಾಲ್ಫ್ ವುಲ್ಫ್ ದಾಳವನ್ನು 20,000 ಸಲ ಎಸೆದು ಪ್ರತಿಯೊಂದನ್ನೂ ಬರೆದಿಟ್ಟ. ಅವನ ಒಂದು ದಾಳದಲ್ಲಿ ಒಂದರಿಂದ ಆರರವರೆಗೆ ಕ್ರಮವಾಗಿ 3407, 3631, 3176, 2916, 3448, 3422 ಸಲ ಬಿದ್ದವು. ಆರೂ ಮುಖಗಳಿಗೆ ಸರಿಸಾಟಿ ಅವಕಾಶವಿದ್ದಿದ್ದರೆ ಒಂದೊಂದೂ 3333ರ ಆಸುಪಾಸು, ಐವತ್ತು ನೂರು ಆಚೀಚೆ ಇರಬೇಕಿತ್ತು. ನಾಲ್ಕು ಬಿದ್ದದ್ದು ಅದಕ್ಕಿಂತ 417 ಕಡಿಮೆ. ಆ ದಾಳದ ಮೈಯಲ್ಲೇ ಊನವಿತ್ತೆಂದು ಇಲ್ಲಿ ಧೈರ್ಯವಾಗಿ ಹೇಳಬಹುದು. ಆದದ್ದರಿಂದ ಆಗಬಹುದಾದದ್ದನ್ನು ಊಹಿಸಬಹುದು, ಆದರೆ ಎಣಿಕೆ ದೊಡ್ಡದಿರಬೇಕು. ಇದನ್ನು ಹೇಳಲು ನಮಗೆ ಎರಡು ಬೇರೆ ಬೇರೆ ಪದಗಳು ಬೇಕು.

ಮೊದಲನೆಯದಕ್ಕೆ, ಅಂದರೆ ಆದದ್ದರ ಎಣಿಕೆಗೆ, ಈಗ ಇರುವುದು ‘ಸಾಪೇಕ್ಷ ಆವೃತ್ತಿ’. ಮಕ್ಕಳಿಗೆ ಆವೃತ್ತಿ ಎಂದರೆ ಪುಸ್ತಕದ ಮರುಮುದ್ರಣ, ಇಲ್ಲವೇ ಭೌತವಿಜ್ಞಾನದಲ್ಲಿ ಸೆಕೆಂಡಿಗೆ ಎಷ್ಟು ಕಂಪನ ಎಂಬುದು. ಸಾಪೇಕ್ಷ ಎಂದೊಡನೆ ಐನ್‌ಸ್ಟೈನ್ ನೆನಪಾಗುತ್ತಾನೆ. ‘ಒಟ್ಟು ಎಸೆತಗಳಲ್ಲಿ ಇದರ ಪಾಲು ಎಷ್ಟು’ ಎಂದು ಕೇಳಿದರೆ ಯಾರಿಗೂ ತೊಡಕಿಲ್ಲ. ಹಾಗಾಗಿ ‘ಬಿದ್ದ ಪಾಲು’ ಎನ್ನಬಹುದೇ? ಕವಡೆಯಾಟದವರು ‘ಗರ ಬಿತ್ತು’ ಎನ್ನುತ್ತಾರಲ್ಲ, ಆ ಬೀಳುವಿಕೆಯೇ ಇದು.

ಎರಡನೆಯದಕ್ಕೆ, ಅಂದರೆ ಆಗಬಹುದಾದದ್ದಕ್ಕೆ, ‘ಸಮಸಂಭವನೀಯ’ ಎಂದರೆ ಸ್ವಲ್ಪ ವಾಸಿ. ಸ್ಮರಣೀಯ, ಪೂಜನೀಯಗಳಲ್ಲಿರುವ ‘ಅನೀಯ’ ಪ್ರತ್ಯಯ ‘ಆಗತಕ್ಕದ್ದು’ ಎಂಬ ಕಡೆಗೆ ವಾಲಿಸುತ್ತದೆ. ನನಗೆ ಮಾತ್ರ ‘ಸರಿಸಮ ಸಾಧ್ಯತೆ’ ಹೆಚ್ಚು ಇಷ್ಟ. ‘ಸಾಧ್ಯತೆ’ ಎಂಬುದನ್ನು ಆಗಿಹೋದದ್ದಕ್ಕೆ ಯಾರೂ ಬಳಸುವುದಿಲ್ಲ.

ಚೌಕಾಬಾರದ ನಾಲ್ಕು ಕವಡೆಗಳಲ್ಲಿ ಒಂದು, ಎರಡು, ಮೂರು, ಮತ್ತೆ ನಾಲ್ಕೂ ಒಂದೇ ಮಗ್ಗುಲಿಗೆ ಬಿದ್ದಾಗಿನ ಚೌಕ, ಬಾರ ಎಂದು ಐದು ಗರಗಳಿವೆ. ಕವಡೆಯ ಎರಡೂ ಮಗ್ಗುಲು ಸರಿಸಮವೆಂದು ಇಟ್ಟುಕೊಂಡರೂ ಹದಿನಾರು ಬಗೆಗಳಲ್ಲಿ ಎರಡು ಬೀಳಲು ಆರು ದಾರಿ, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಬೆನ್ನು ಉಬ್ಬಿದ ಕವಡೆಗೆ ಆ ಸಮತೆಯೂ ಇಲ್ಲ. ಅದರ ಸ್ವಭಾವ ಎಸೆದು ಎಣಿಸಿದರೆ ಮಾತ್ರ ತಿಳಿಯುತ್ತದೆ. ತಲೆಮಾರುಗಳಿಂದ ಆಡಿದವರು ಸುಲಭವಾಗಿ ಬೀಳುವ ಗರ, ಅಪರೂಪದ ಗರ ಎಂದು ಗುರುತಿಸಿಯೇ ಇರುತ್ತಾರೆ. ನಿಮ್ಮ ಕಡೆ ಅವುಗಳಿಗೆ ಬೇರೆ ಹೆಸರುಗಳಿವೆಯೇ? ಕವಡೆಯ ಬದಲು ಒಂದು ಬದಿ ತೇಯ್ದ ಹುಣಸೆಬೀಜ ಬಳಸುವವರೂ ತಿಳಿಸಿ. ಮುಂದಿನ ಸಲ ಈ ಪಾಠವನ್ನು ಕವಡೆಯಿಂದಲೇ ಆರಂಭಿಸುವವಳಿದ್ದೇನೆ.