‘ಉದ್ದೀಪನ ಮದ್ದು’ ಅಂದ್ರೆ ಮಕ್ಕಳಿಗೆ ಏನು ಅರ್ಥ ಆಗ್ತಿದೆ? ಬೇರೆ ಪದ ಇದೆಯಾ?

ಎಲ್ರಿಗೂ ನಮಸ್ಕಾರ. ಹಾಸನದಿಂದ ಬರೀತಿದೀನಿ, ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಒಂದು ಪದದ ವಿಷಯಕ್ಕೆ ಹದಿನೈದು ದಿನದಿಂದ ಒದ್ದಾಡ್ತಿದೀನಿ, ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಕ್ಕನ ಮಗಳು ದೈಹಿಕ ಶಿಕ್ಷಣದಲ್ಲಿ ಪಿಎಚ್‌ಡಿ ಮಾಡ್ತಿದಾಳೆ. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ಆಟಗಾರ ಮಕ್ಕಳು ದಿನಕ್ಕೆಷ್ಟು ಪ್ರಾಕ್ಟೀಸ್ ಮಾಡ್ತಾರೆ, ಅವರ ಫಿಟ್ನೆಸ್ ಹೇಗಿದೆ, ಡೋಪಿಂಗ್ (ಆಟದ ನಿಯಮದಲ್ಲಿ ನಿಷೇಧ ಇರೋ ಔಷಧಿ, ವಿಧಾನ ಬಳಸೋದು) ಬಗ್ಗೆ ಅವರಿಗೆ ಎಷ್ಟು ತಿಳಿವಳಿಕೆ ಇದೆ, ಇದು ಅವಳ ವಿಷಯ. ಪ್ರಶ್ನೆಪಟ್ಟಿ ಇಂಗ್ಲಿಷಲ್ಲಿತ್ತು, ‘ಚಿಕ್ಕಮ್ಮ, ಕನ್ನಡಕ್ಕೆ ಮಾಡ್ಕೊಡು’ ಅಂದ್ಲು, ಮಾಡ್ಕೊಟ್ಟೆ. ಡೋಪಿಂಗ್ ಅಂತ ಬಂದ ಕಡೆಯೆಲ್ಲ ನಮ್ಮ ಪೇಪರ್‌ಗಳಲ್ಲಿ ಬರೋ ‘ಉದ್ದೀಪನ ಮದ್ದು ಸೇವನೆ’ ಅಂತಲೇ ಹಾಕಿದ್ದೆ, ಅದು ಊರಿಗೆಲ್ಲ ಗೊತ್ತಿರೋ ಪದ ಅಂತ ನನಗೆ ಪೂರ್ತಿ ನಂಬಿಕೆ ಇತ್ತು.

ಒಂದಿನ ಬೆಳಗ್ಗೆ ಆರೂವರೆಗೆ ಇಲ್ಲಿನ ಜಿಲ್ಲಾ ಕ್ರೀಡಾಂಗಣದಲ್ಲಿ ಅದನ್ನ ಪರೀಕ್ಷೆಗೆ ಅಂತ ಕೊಟ್ವಿ. ಇನ್ನೂ ಮಂಜು ಇಳೀತಿತ್ತು, ಮಕ್ಕಳು ಎರಡು ರೌಂಡ್ ಓಡಿ ಬಂದು ಮೆಟ್ಟಿಲ ಮೇಲೆ ಕೂತು ತೊಡೆ ಮೇಲೆ ಹಾಳೆ ಇಟ್ಕೊಂಡು ತುಂಬ್ತಿದ್ರು, ಹಣೆ ಬೆವರು ಬಿದ್ದು ಒಬ್ಬೊಬ್ರ ಹಾಳೇಲಿ ಶಾಯಿ ಹರಡಿಬಿಟ್ಟಿತ್ತು. ‘ಉದ್ದೀಪನ ಮದ್ದು ಸೇವಿಸಿದವರ ಬಗ್ಗೆ ಕೇಳಿದ್ದೀರಾ’ ಅನ್ನೋ ಪ್ರಶ್ನೆಗೆ ಬಂದಾಗ ಸಕಲೇಶಪುರ ಕಡೆ ಹುಡುಗ ಒಬ್ಬ ತಲೆ ಎತ್ತಿ, ‘ಮಿಸ್, ಇದು ಮದ್ದಾಕದಾ? ನಮ್ಮೂರಲ್ಲಿ ಒಬ್ರಿಗೆ ಹಾಕಿದ್ರು ಮಿಸ್, ಆಮೇಲೆ ಹೋಗಿ ತಗಿಸ್ಕಂಡ್ ಬಂದ್ರು’ ಅಂದ. ಅವನ ಪಕ್ಕದಲ್ಲಿ ಕೂತಿದ್ದ ಅರಕಲಗೂಡಿನ ಹುಡುಗಿ ‘ಜ್ವರ ಬಂದಾಗ ಮಾತ್ರ ಸೇವಿಸುತ್ತೇನೆ’ ಅಂತ ದುಂಡಗೆ ಬರೆದಿದ್ಲು. ಮೂರನೇ ಹುಡುಗ, ಶಾಟ್‌ಪುಟ್‌ನೋನು, ಅದು ಜಿಮ್ಮಲ್ಲಿ ಚುಚ್ಕೊಳ್ಳೋ ಇಂಜೆಕ್ಷನ್ನು ಅಂತ ಬರೆದ, ಅಷ್ಟೇ, ಬೇರೆ ಏನೂ ಅಲ್ಲ ಅಂತ ಅವನ ಲೆಕ್ಕ.

ಒಂದೇ ಮೆಟ್ಟಿಲ ಮೇಲೆ ಮೂರು ಅರ್ಥ. ಅಕ್ಕನ ಮಗಳು ಆಟೋದಲ್ಲಿ ವಾಪಸ್ ಬರ್ತಾ, ‘ಚಿಕ್ಕಮ್ಮ, ಇದನ್ನ ಇಟ್ಕೊಂಡು ಮಕ್ಕಳಿಗೆ ಡೋಪಿಂಗ್ ಬಗ್ಗೆ ಏನು ಗೊತ್ತು ಅಂತ ನಾನು ಹೇಗೆ ಬರೀಲಿ, ಅವರಿಗೆ ಪ್ರಶ್ನೆನೇ ಬೇರೆ ಆಗಿ ಕೇಳ್ಸಿದೆ’ ಅಂದ್ಲು. ಅವತ್ತಿಂದ ಈ ಪದದ ಎರಡು ಭಾಗನೂ ಬಿಡಿಸಿ ನೋಡ್ತಿದೀನಿ.

ಮೊದಲು ‘ಮದ್ದು’. ತಮಿಳಿನ ಮರುಂದು, ತೆಲುಗಿನ ಮಂದು, ತುಳುವಿನ ಮರ್ದ್, ಎಲ್ಲ ಒಂದೇ ಬಳ್ಳಿ. ನಮ್ಮ ಕಡೆ ಮನೆಮದ್ದು, ನಾಟಿಮದ್ದು ಅಂದ್ರೆ ಗುಣ ಮಾಡೋದು, ಮದ್ದುಗುಂಡು ಅಂದ್ರೆ ಸಿಡಿಯೋದು, ‘ಮದ್ದು ಹಾಕಿದಾರೆ’ ಅಂದ್ರೆ ಆಗದೋರು ಊಟದಲ್ಲೋ ಎಲೆಅಡಿಕೆಯಲ್ಲೋ ಕಣ್ಣುತಪ್ಪಿಸಿ ಏನೋ ಸೇರ್ಸಿ ಕೊಟ್ಟಿದಾರೆ ಅಂತ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡ್ತಾರಲ್ಲ, ಅದನ್ನ ತಿಂದ್ರೆ ಮೂತ್ರ ಕೆಂಪಗೆ ಹೋಗತ್ತೆ, ಅದು ಮೈಗೆ ಒಳ್ಳೇದಾಯ್ತು ಅನ್ನೋದಕ್ಕೆ ಗುರುತು ಅಂತಾರೆ. ಆಟದ ಲೋಕದಲ್ಲಿ ಮೂತ್ರ ಪರೀಕ್ಷೆ ಅಂದ್ರೆ ಎದೆ ಢವಢವ ಅನ್ನತ್ತೆ, ಅಲ್ಲಿ ಮದ್ದು ಮೂತ್ರದಲ್ಲಿ ಕಂಡ್ರೆ ಸಮಾಧಾನ! ಇಷ್ಟು ಪ್ರೀತಿಯಿಂದ ಬಳಸೋ ಪದನ ಅಪರಾಧದ ಹೆಸರಾಗಿ ಇಟ್ರೆ ಅರಕಲಗೂಡಿನ ಹುಡುಗಿ ಹಾಗೆ ಬರೆದಿದ್ದು ತಪ್ಪೇನಲ್ಲ.

ಆದ್ರೆ ನನಗೆ ಹೆಚ್ಚು ಕಾಡಿದ್ದು ಸಕಲೇಶಪುರದ ಹುಡುಗನ ಅರ್ಥ. ಮದ್ದು ಹಾಕೋದು ಯಾವಾಗ್ಲೂ ಇನ್ನೊಬ್ರು, ಹಾಕಿಸ್ಕೊಂಡೋನದ್ದು ತಪ್ಪಿಲ್ಲ, ಅವನು ಪಾಪದೋನು. ಡೋಪಿಂಗ್ ನಿಯಮದಲ್ಲಿ ಇದು ಪೂರ್ತಿ ತಿರುಗುಮುರುಗು. ನಿನ್ನ ಮೈಯಲ್ಲಿ ಏನು ಸಿಕ್ತೋ ಅದಕ್ಕೆ ನೀನೇ ಹೊಣೆ, ಯಾರು ಕೊಟ್ರು, ಹೇಗೆ ಬಂತು ಅನ್ನೋದು ಶಿಕ್ಷೆ ಎಷ್ಟು ಅಂತ ನೋಡುವಾಗ ಲೆಕ್ಕಕ್ಕೆ ಬರಬಹುದು, ತಪ್ಪಾಗಿದೆಯಾ ಇಲ್ವಾ ಅನ್ನೋದಕ್ಕಲ್ಲ. ನಮ್ಮ ಅಶ್ವಿನಿ ಅಕ್ಕುಂಜಿ ವಿಷಯ ನೆನಪಿದೆಯಲ್ಲ, ಉಡುಪಿ ಜಿಲ್ಲೆಯೋರು, 2010ರ ಗುವಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇನಲ್ಲೂ ಚಿನ್ನ ತಂದೋರು. 2011ರಲ್ಲಿ ಅವರ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಸಿಕ್ತು, ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದಿದ್ದು ಅಂತ ಅವರು ಹೇಳಿದ್ರು, ಇಲ್ಲಿ ಒಂದು ವರ್ಷದ ನಿಷೇಧ ಆಯ್ತು, ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಅದು ಎರಡು ವರ್ಷ ಆಯ್ತು. ಆಗ ಆ ಸುದ್ದಿ ಓದಿ ಎಷ್ಟು ಸಂಕಟ ಆಗಿತ್ತು ಅಂತ ಇವತ್ತಿಗೂ ನೆನಪಿದೆ. ಮಕ್ಕಳಿಗೆ ಹೇಳ್ಬೇಕಾದ ಮೊದಲನೇ ಮಾತು ಇದೇ ಆಗಿರುವಾಗ, ಆ ಮಾತನ್ನೇ ಮುಚ್ಚಿಹಾಕೋ ಪದನ ನಾವು ಕೊಡ್ತಿದೀವಿ.

ಇನ್ನು ‘ಉದ್ದೀಪನ’. ಹೊತ್ತಿಸೋದು, ಉರಿ ಹೆಚ್ಚಿಸೋದು. ಅಲಂಕಾರಶಾಸ್ತ್ರ ಓದಿದೋರಿಗೆ ಆಲಂಬನ ವಿಭಾವ, ಉದ್ದೀಪನ ವಿಭಾವ ಗೊತ್ತೇ ಇದೆ, ಬೆಳದಿಂಗಳು, ತಂಗಾಳಿ, ಕೋಗಿಲೆ ದನಿ, ಇವು ಒಳಗಿರೋ ಭಾವನ ಕೆದಕಿ ಎಬ್ಬಿಸೋವು. ತುಂಬ ಚೆಂದದ ಪದ, ನಾನೇ ಪಾಠ ಮಾಡ್ತೀನಿ. ಆದ್ರೆ ನಿಷೇಧದ ಪಟ್ಟಿ ತೆಗೆದು ನೋಡಿದ್ರೆ ಅದರಲ್ಲಿ ಹೊತ್ತಿಸೋವು ಒಂದು ಗುಂಪು ಮಾತ್ರ. ಬಿಲ್ಲುಗಾರಿಕೆ, ಶೂಟಿಂಗ್‌ನಲ್ಲಿ ಬೀಟಾ ಬ್ಲಾಕರ್ ಮಾತ್ರೆ ನಿಷೇಧ, ಅದು ಎದೆಬಡಿತ ನಿಧಾನ ಮಾಡಿ ಕೈನಡುಕ ನಿಲ್ಸತ್ತೆ, ಉರಿ ಹೆಚ್ಚಿಸೋದಲ್ಲ, ತಗ್ಗಿಸೋದು. ಕುಸ್ತಿಯೋರು ತೂಕಕ್ಕೆ ನಿಲ್ಲೋ ಹಿಂದಿನ ದಿನ ನುಂಗೋ ನೀರು ಹೋಗೋ ಮಾತ್ರೆ, ಅಜ್ಜಿಯರಿಗೆ ಕಾಲು ಊದಿದ್ರೆ ಡಾಕ್ಟ್ರು ಬರ್ಕೊಡ್ತಾರಲ್ಲ ಅದೇ, ಅದೂ ನಿಷೇಧ, ಯಾಕಂದ್ರೆ ಅದು ಮೈನೀರು ಇಳಿಸತ್ತೆ, ಜೊತೆಗೆ ಮೂತ್ರ ತೆಳ್ಳಗೆ ಮಾಡಿ ಬೇರೆ ಮದ್ದಿನ ಗುರುತು ಅಳಿಸತ್ತೆ. ಇದರಲ್ಲಿ ಉದ್ದೀಪನ ಎಲ್ಲಿ ಬಂತು?

ಇನ್ನೊಂದು ಕಡೆಯಿಂದ ನೋಡಿ. ನಿಜವಾಗ್ಲೂ ಉದ್ದೀಪನ ಅನ್ನೋದು ನಮ್ಮ ಹಾಸನ ಚಿಕ್ಕಮಗಳೂರಿನ ಪ್ರತಿ ಮನೇಲೂ ಬೆಳಗಾಗೆದ್ರೆ ಒಲೆ ಮೇಲೆ ಕುದೀತಾ ಇರತ್ತೆ. ‘ಕಾಫಿ ಕುಡುದ್ರೆ ಸಿಕ್ಕಾಕ್ಕಂತೀವಾ ಮಿಸ್’ ಅಂತ ಕೆಲವು ಮಕ್ಕಳು ಕೇಳಿದ್ರು, ಅವರಪ್ಪ ಅಮ್ಮ ಕಾಫಿ ತೋಟದಲ್ಲಿ ದುಡಿಯೋರು, ಹೆದರಿಕೆ ಸಹಜ. ಒಂದು ಕಾಲಕ್ಕೆ ಕೆಫೀನ್ ಪಟ್ಟಿಯಲ್ಲಿತ್ತು, ಮೂತ್ರದಲ್ಲಿ ಮಿಲಿಲೀಟರ್‌ಗೆ 12 ಮೈಕ್ರೊಗ್ರಾಂ ದಾಟಬಾರದು ಅಂತಿತ್ತು, 2004ರಿಂದ ತೆಗೆದ್ರು, ಈಗ ಬರೀ ನಿಗಾ ಇಟ್ಟಿದಾರೆ. ಅಂದ್ರೆ ಹೊತ್ತಿಸೋ ಕಾಫಿಗೆ ಅಡ್ಡಿ ಇಲ್ಲ, ತಣಿಸೋ ಮಾತ್ರೆಗೆ ನಿಷೇಧ. ಪದದ ಅರ್ಥ ನಂಬ್ಕೊಂಡು ಹೋದ ಮಗು ಎರಡು ಕಡೆನೂ ತಪ್ಪತ್ತೆ.

ಇದು ಬರೀ ಪಂಡಿತರ ಜಗಳ ಅಲ್ಲ ಅಂತ ಯಾಕೆ ಹೇಳ್ತೀನಿ ಅಂದ್ರೆ, ಹೋದ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಎರಡು ದಿನ ಇದ್ದಾಗ ನಮ್ಮ ಶಾಲೆ ಹುಡುಗಿ ಒಬ್ಬಳಿಗೆ ಕೆಮ್ಮು ಹತ್ತಿತ್ತು, 800 ಮೀಟರ್ ಓಡೋಳು, ನಾನೇ ಮೆಡಿಕಲ್‌ಗೆ ಹೋಗಿ ಕೆಮ್ಮಿನ ಸಿರಪ್ ತಂದು ಎರಡೆರಡು ಮುಚ್ಚಳ ಕುಡಿಸಿದ್ದೆ. ಆ ಬಾಟ್ಲಿ ಸ್ಟಾಫ್ ರೂಮಿನ ಕಪಾಟಲ್ಲೇ ಉಳಿದಿತ್ತು. ಈ ಪ್ರಶ್ನೆಪಟ್ಟಿ ಗಲಾಟೆ ಆದಮೇಲೆ ತೆಗೆದು ಕನ್ನಡಕ ಹಾಕ್ಕೊಂಡು ಓದಿದ್ರೆ, ಲೇಬಲ್ ಹಿಂದೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಟರ್ಬ್ಯುಟಲಿನ್ ಅಂತ ಇದೆ. ಅದು ಪಟ್ಟಿಯಲ್ಲಿರೋದು, ಕೂಟದ ದಿನ ಮಾತ್ರ ಅಲ್ಲ, ವರ್ಷಪೂರ್ತಿ ನಿಷೇಧ. ತಾಲ್ಲೂಕು ಕೂಟದಲ್ಲಿ ಅವತ್ತು ಪರೀಕ್ಷೆ ಮಾಡೋರು ಯಾರೂ ಬಂದಿರಲಿಲ್ಲ, ಅದೇ ಹುಡುಗಿ ನಾಳೆ ರಾಷ್ಟ್ರಮಟ್ಟಕ್ಕೆ ಹೋದ್ರೆ? ವಯಸ್ಸು ಚಿಕ್ಕದು ಅಂತ ಶಿಕ್ಷೆಯಲ್ಲಿ ರಿಯಾಯ್ತಿ ಸಿಗಬಹುದು, ಪೂರ್ತಿ ವಿನಾಯ್ತಿ ಇಲ್ಲ. ಆ ಬಾಟ್ಲಿ ಕೈಲಿ ಹಿಡ್ಕೊಂಡಾಗ ‘ಉದ್ದೀಪನ ಮದ್ದು’ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ, ಕೆಮ್ಮಿನ ಔಷಧಿ ಯಾವ ಉದ್ದೀಪನ ಮಾಡತ್ತೆ?

ಡೋಪಿಂಗ್ ಅಂದ್ರೆ ಮದ್ದೇ ಆಗ್ಬೇಕು ಅಂತಲೂ ಇಲ್ಲ. ತಮ್ಮದೇ ರಕ್ತ ತೆಗೆದಿಟ್ಟು ಆಮೇಲೆ ಏರಿಸ್ಕೊಳ್ಳೋದೂ ಡೋಪಿಂಗೇ. ವಾಡಾ (ಡೋಪಿಂಗ್ ತಡೆಯೋ ವಿಶ್ವ ಸಂಸ್ಥೆ) ಸಂಹಿತೆ ಈಗ ಹನ್ನೊಂದು ಬಗೆಯ ಉಲ್ಲಂಘನೆ ಹೇಳತ್ತೆ, ಸ್ಯಾಂಪಲ್ ಕೊಡಲ್ಲ ಅಂದ್ರೂ ಅದರಲ್ಲೊಂದು. ನಮ್ಮಲ್ಲಿ 2022ರಲ್ಲಿ ಕಾಯ್ದೆನೇ ಬಂತು, ಅದರ ಹೆಸರನ್ನೂ ಕನ್ನಡದಲ್ಲಿ ಇದೇ ಉದ್ದೀಪನ ಮದ್ದು ಸೇರಿಸಿ ಬರೀತಿದಾರೆ, ಅಂದ್ರೆ ಪದ ಇನ್ನೂ ಗಟ್ಟಿಯಾಗಿ ಬೇರು ಬಿಡ್ತಿದೆ.

ಇಂಗ್ಲಿಷಿನ ಡೋಪ್ ಅನ್ನೋದು ಡಚ್ಚಿನ ‘ಡೋಪ್’ನಿಂದ ಬಂತು ಅಂತಾರೆ, ಅಲ್ಲಿ ಅದ್ದಿ ತಿನ್ನೋ ಗೊಜ್ಜಿನ ಥರದ್ದಕ್ಕೆ ಆ ಹೆಸರು. ನಾವು ರೊಟ್ಟಿಗೆ ಚಟ್ನಿ ನಂಚ್ಕೊಳ್ಳೋದು ಅಂತೀವಲ್ಲ, ಹಾಗೆ. ನಂಚ್ಕೊಳ್ಳೋದು ಅಂದಾಗ ನನಗೆ ‘ನಂಜು’ ಪದಾನೂ ಕಿವೀಲಿ ಕೇಳಿಸತ್ತೆ, ಎರಡಕ್ಕೂ ನಂಟಿದೆ ಅಂತ ಹೇಳ್ತಿಲ್ಲ, ತಿಳಿದೋರು ಇದ್ರೆ ಹೇಳಿ.

ಇಷ್ಟೆಲ್ಲ ಆದಮೇಲೆ ಬದಲಿ ಪದ ಯಾವುದು ಅಂತ ಯೋಚ್ನೆ ಮಾಡ್ದೆ. ‘ಕಳ್ಳಮದ್ದು’ ಅಂದ್ರೆ ಕಳ್ಳಬಟ್ಟಿ ಥರ ಕೇಳಿಸತ್ತೆ, ಮೆಡಿಕಲ್‌ನಲ್ಲಿ ರಾಜಾರೋಷವಾಗಿ ಸಿಗೋ ಸಿರಪ್ ಅದರೊಳಗೆ ಬರಲ್ಲ. ‘ನಿಷೇಧಿತ ಮದ್ದು’ ಅಂದ್ರೆ ಸರ್ಕಾರ ಎಲ್ರಿಗೂ ಬ್ಯಾನ್ ಮಾಡಿರೋದು ಅಂತ ಆಗತ್ತೆ, ಗಾಂಜಾ ಅಫೀಮಿನ ಕಡೆಗೆ ಹೋಗಿಬಿಡತ್ತೆ. ಎರಡನೇ ಸಲ ಸ್ಟೇಡಿಯಂಗೆ ಹೋದಾಗ ಪದ ಬಿಟ್ಟು ಬಾಯಲ್ಲೇ ವಿವರಿಸ್ದೆ: ನೋಡ್ರೋ, ಇದು ಬೇರೆಯೋರಿಗೆ ಔಷಧಿನೇ, ವಿಷ ಅಲ್ಲ, ಆದ್ರೆ ನೀವು ಆಟಕ್ಕಿಳಿದಿರೋ ತನಕ ನೀವು ಮುಟ್ಟಬಾರ್ದು, ತಿಳಿದು ತಗೊಂಡ್ರೂ ತಿಳೀದೆ ತಗೊಂಡ್ರೂ ಕೆಟ್ಟಂಗೆ. ಅದಕ್ಕೆ ಅದೇ ಜ್ವರದ ಉತ್ತರ ಬರೆದಿದ್ದ ಹುಡುಗಿ, ಶೂ ಲೇಸ್ ಕಟ್ಟೋದು ನಿಲ್ಸಿ, ‘ಅಂದ್ರೆ ಪಥ್ಯ ಇದ್ದಂಗಾ ಮಿಸ್? ನಮ್ಮಣ್ಣಂಗೆ ಕಾಮಾಲೆ ಆದಾಗ ಎಲ್ರೂ ಬೋಂಡ ತಿಂತಿದ್ರು ಅವನಿಗೆ ಕೊಡ್ತಿರಲಿಲ್ಲ’ ಅಂದ್ಲು.

ನನಗೆ ಮೈ ಜುಮ್ ಅಂತು. ಎಷ್ಟು ಸರಿಯಾಗಿ ಕೂರತ್ತೆ ನೋಡಿ. ಪಥ್ಯದಲ್ಲಿ ಬೋಂಡ ವಿಷ ಅಲ್ಲ, ಈ ಮನುಷ್ಯನಿಗೆ ಈ ಹೊತ್ತಿಗೆ ಆಗದ್ದು. ಕೆಲವು ಮದ್ದು ಸ್ಪರ್ಧೆ ಇರುವಾಗ ಮಾತ್ರ ನಿಷೇಧ, ಕೆಲವು ಯಾವಾಗ್ಲೂ, ಪಥ್ಯದಲ್ಲೂ ಮೂರು ದಿನದ್ದು, ನಲವತ್ತು ದಿನದ್ದು ಅಂತ ಇರತ್ತೆ. ‘ಪಥ್ಯ ಮುರಿದ’ ಅಂದಾಗ ಬೇಕಂತ ಮುರಿದ್ನಾ ಮರೆತು ಮುರಿದ್ನಾ ಅಂತ ಆ ಮಾತು ಹೇಳಲ್ಲ, ಮುರಿದಿದ್ದು ಮಾತ್ರ ಅವನೇ, ಬೋಂಡ ಕೊಟ್ಟ ಅತ್ತೆ ಅಲ್ಲ. ಏನನ್ನ ಬಾಯಿಗೆ ಹಾಕೋ ಮುಂಚೆನೂ ‘ಇದು ನನಗೆ ಆಗತ್ತಾ’ ಅಂತ ಕೇಳೋ ಅಭ್ಯಾಸನೂ ಪಥ್ಯದೋರಿಗೆ ತಾನಾಗೇ ಇರತ್ತೆ. ‘ಆಟದ ಪಥ್ಯ’ ಅಂತ ನಿಷೇಧದ ಪಟ್ಟಿಗೆ, ‘ಪಥ್ಯ ಮುರಿಯೋದು’ ಅಂತ ಡೋಪಿಂಗ್‌ಗೆ ಹಾಕಬಹುದಾ ಅಂತ ಅವತ್ತಿಂದ ಮನಸ್ಸು ಎಳೀತಿದೆ.

ಒಂದು ಕೊರತೆ ಇದೆ, ನನಗೆ ಗೊತ್ತು. ಪಥ್ಯ ಮುರಿದ್ರೆ ಕೆಡೋದು ಅವನ ಮೈ ಮಾತ್ರ. ಡೋಪಿಂಗ್‌ನಲ್ಲಿ ಪಕ್ಕದ ಲೇನ್‌ನಲ್ಲಿ ನಿಯತ್ತಾಗಿ ಓಡಿದ ಮಗುಗೆ ಮೋಸ ಆಗತ್ತೆ, ಆ ಮೋಸದ ಕಟುತನ ಪಥ್ಯ ಅನ್ನೋದರಲ್ಲಿ ಇಲ್ಲ. ಹಾಗಾಗಿ ಸದ್ಯಕ್ಕೆ ‘ಡೋಪಿಂಗ್’ ಅಂತಲೇ ಕನ್ನಡ ಅಕ್ಷರದಲ್ಲಿ ಇಟ್ಟು, ಕೆಳಗೆ ಎರಡು ಸಾಲಲ್ಲಿ ಪಥ್ಯದ ಹೋಲಿಕೆ ಕೊಟ್ಟು ವಿವರಿಸೋಣ ಅಂತ ನನ್ನ ಯೋಚ್ನೆ. ಉದ್ದೀಪನ ಅನ್ನೋದನ್ನ ಆ ಒಂದು ಗುಂಪಿಗೆ, ನಿಜವಾಗ್ಲೂ ಹೊತ್ತಿಸೋವಕ್ಕೆ ಮಾತ್ರ ಉಳಿಸ್ಕೊಳ್ಳೋಣ, ಅಲ್ಲಿ ಅದು ಒಪ್ಪತ್ತೆ.

ಇದರ ಜೊತೆ ಇನ್ನೊಂದು ಸಣ್ಣದು. ಫಿಟ್ನೆಸ್ ಭಾಗದಲ್ಲಿ 20 ಮೀಟರ್ ಬೀಪ್ ಟೆಸ್ಟ್ ಇದೆ, ಸದ್ದಿಗೆ ಸರಿಯಾಗಿ ಆಚೆಈಚೆ ಓಡ್ತಾ ನಿಮಿಷ ನಿಮಿಷಕ್ಕೂ ವೇಗ ಹೆಚ್ಚಾಗತ್ತಲ್ಲ ಅದು. ಅದು ಅಳೆಯೋ ಗುಣಕ್ಕೆ ನಾನು ‘ದೈಹಿಕ ಸಹಿಷ್ಣುತೆ’ ಅಂತ ಬರೆದಿದ್ದೆ, ಯಾರಿಗೂ ಅರ್ಥ ಆಗ್ಲಿಲ್ಲ. ಮಕ್ಕಳು ಹೇಳೋದು ‘ದಮ್ಮು’. ‘ಅವನಿಗೆ ದಮ್ಮೈತೆ’ ಅಂದ್ರೆ ಕೊನೇವರೆಗೂ ಓಡ್ತಾನೆ. ಅದನ್ನೇ ಹಾಕ್ದೆ, ‘ನಿಮಗೆ ದಮ್ಮು ಇದೆಯೇ’ ಅಂತ. ಆಮೇಲೆ ನೋಡಿದ್ರೆ ಉಬ್ಬಸ ಇರೋ ಹುಡುಗ ಒಬ್ಬ ‘ಇದೆ, ಇನ್ಹೇಲರ್ ತಗೊಳ್ತೀನಿ’ ಅಂತ ಬರೆದಿದಾನೆ, ದಮ್ಮು ಅಂದ್ರೆ ಆ ಕಾಯಿಲೆನೂ ಹೌದಲ್ಲ. (ಅವನಿಗೆ ಹೆದರಬೇಡ ಅಂತ ಹೇಳಿದೀವಿ, ಸಾಲ್ಬ್ಯುಟಮಾಲ್ ಇನ್ಹೇಲರ್‌ಗೆ ದಿನಕ್ಕೆ 1600 ಮೈಕ್ರೊಗ್ರಾಂವರೆಗೆ, ಎಂಟು ಗಂಟೆಯೊಳಗೆ 600 ದಾಟದ ಹಾಗೆ ಅವಕಾಶ ಇದೆ.) ‘ಕಸುವು’ ಅಂದ್ರೆ ಬಲದ ಕಡೆ ವಾಲತ್ತೆ, ‘ತ್ರಾಣ’ ಅನ್ನೋದು ಇದಕ್ಕೆ ಹತ್ರ ಅನ್ನಿಸ್ತಿದೆ, ‘ನಿತ್ರಾಣ’ ಅಂತೂ ಎಲ್ರ ಬಾಯಲ್ಲೂ ಇದೆ, ಆದ್ರೆ ‘ತ್ರಾಣ’ ಅಂತ ಒಂಟಿಯಾಗಿ ಇವತ್ತಿನ ಮಕ್ಕಳು ಹೇಳೋದನ್ನ ನಾನು ಕೇಳಿಲ್ಲ.

ಬರೋ ತಿಂಗಳು ಪ್ರಶ್ನೆಪಟ್ಟಿ ಮತ್ತೆ ಅಚ್ಚಾಗತ್ತೆ, ಅದರೊಳಗೆ ತಿದ್ದಬೇಕು. ನಿಮ್ಮ ಕಡೆ ಗರಡಿ ಮನೆ ಹಳಬರು, ಕಬಡ್ಡಿ ಆಡೋರು ಇಂಥ ಮದ್ದಿಗೆ ಪೇಪರಿನ ಪದ ಬಿಟ್ಟು ಬೇರೆ ಏನಾದ್ರೂ ಹೆಸರು ಹೇಳ್ತಾರಾ? ಮೈಸೂರು, ದಾವಣಗೆರೆ, ಧಾರವಾಡ ಕಡೆ ಕುಸ್ತಿ ಇನ್ನೂ ಜೋರಾಗಿದೆ, ಅಲ್ಲಿನೋರು ದಯವಿಟ್ಟು ಹೇಳಿ. ಇನ್ನೊಂದು, ‘ಪಥ್ಯ’ ಅಂದ ತಕ್ಷಣ ನಿಮ್ಮೂರಿನ ಹದಿನೈದು ವರ್ಷದ ಹುಡುಗನಿಗೆ ಅರ್ಥ ಆಗತ್ತಾ, ಅಥವಾ ಬಾಣಂತಿ ಪಥ್ಯ ಒಂದೇ ನೆನಪಾಗತ್ತಾ? ಮನೇಲಿರೋ ಮಕ್ಕಳನ್ನ ಒಂದ್ಸಲ ಕೇಳಿ, ಅವರು ಹೇಳಿದ್ದನ್ನ ತಿದ್ದದೆ ಹಾಗೇ ಬರೆದು ಕಳ್ಸಿ.